ಕೋರಿ ಜೋಡಿಸಿದ ರೈಫಲ್

ನಮ್ಮೂರಿನಲ್ಲಿ ಯಾರನ್ನಾದರೂ ನಿಲ್ಲಿಸಿ, ಬಂದೂಕು ಹಿಡಿಯೋದನ್ನ ಯಾರು ಕಲಿಸಿದರು ಎಂದು ಕೇಳಿ. ಹತ್ತರಲ್ಲಿ ಎಂಟು ಜನ ಲೊವೆಲ್ ಟೀಗಾರ್ಡನ್ ಹೆಸರು ಹೇಳುತ್ತಾರೆ. ಕಲ್ಲಿದ್ದಲ ಗಣಿಯಲ್ಲಿ ಮೆಕ್ಯಾನಿಕ್ ಆಗಿದ್ದ. ಗಣಿ ಮುಚ್ಚಿದ ಮೇಲೆ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡಿದ್ದ. ಆದರೆ ಮೂವತ್ತಮೂರು ವರ್ಷ, ಪ್ರತಿ ಶರತ್ಕಾಲದಲ್ಲಿ, ಮೆಥಡಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ ಬೇಟೆಯ ಪಾಠ ಹೇಳುವುದನ್ನು ಮಾತ್ರ ಬಿಡಲಿಲ್ಲ. ಒಂದು ಕಾಸೂ ಮುಟ್ಟದೆ ಹೇಳಿದ. ನನ್ನಂಥ ಸೋಮಾರಿಗೆ ಇದು ಅರ್ಥವೇ ಆಗುತ್ತಿರಲಿಲ್ಲ.

ಅವನ ಪಾಠದಲ್ಲಿ ಒಂದು ನಿಯಮವಿತ್ತು. ದಾರಿಯಲ್ಲಿ ಪೊಲೀಸರು ನಿಲ್ಲಿಸಿದರೆ ಎರಡೂ ಕೈ ಸ್ಟಿಯರಿಂಗ್ ಮೇಲಿರಬೇಕು. ಅವರು ಕೇಳುವ ಮೊದಲೇ ನೀವೇ ಬಾಯಿಬಿಟ್ಟು ಹೇಳಬೇಕು: ಗಾಡಿಯಲ್ಲಿ ಬಂದೂಕಿದೆ, ಇಂಥ ಕಡೆ ಇದೆ, ಗುಂಡು ತೆಗೆದಿದೆ. ಇದನ್ನು ಅವನು ಎಷ್ಟು ಸಲ ಹೇಳಿಸುತ್ತಿದ್ದನೆಂದರೆ ನನ್ನ ಮಗಳು ನಿದ್ದೆಯಲ್ಲೂ ಒಪ್ಪಿಸುತ್ತಿದ್ದಳು.

ಲೊವೆಲ್‌ನ ಹೆಂಡತಿ ನಡೀನ್ ಕ್ಯಾನ್ಸರ್ ಆಗಿ ತೀರಿಕೊಂಡಳು. ಉಳಿದವನು ಮಗ ಕೋರಿ. ಸೈನ್ಯದಲ್ಲಿ ನಾಲ್ಕು ವರ್ಷ ಇದ್ದು ಬಂದು, ಒಹಾಯೊ ನದಿಯಲ್ಲಿ ಸರಕು ದೋಣಿಗಳ ಮೇಲೆ ಕೆಲಸಕ್ಕೆ ಸೇರಿದ. ಒಂದು ಮಾರ್ಚ್ ಬೆಳಿಗ್ಗೆ ಹಗ್ಗ ಕಟ್ಟಲು ಹೋದವನು ಎರಡು ದೋಣಿಗಳ ಮಧ್ಯೆ ಬಿದ್ದ. ನಾಲ್ಕನೇ ದಿನ ಸಿಕ್ಕಿದ. ಇಪ್ಪತ್ತೊಂಬತ್ತು ವರ್ಷ. ಮದುವೆಯಿಲ್ಲ, ಮಕ್ಕಳಿಲ್ಲ, ಬಾಡಿಗೆ ಕೋಣೆಯಲ್ಲಿ ಎರಡು ಚೀಲ ಬಟ್ಟೆ. ಕೈಯಾರೆ ಮಾಡಿದ್ದು ಅಂತ ಈ ಭೂಮಿಯ ಮೇಲೆ ಅವನು ಬಿಟ್ಟುಹೋದದ್ದು ಒಂದೇ, ಒಂದು ರೈಫಲ್.

ಸೈನಿಕರ ಬಂದೂಕಿನ ಹಾಗೆ ಕಾಣುವ, ಕಪ್ಪು ಬಣ್ಣದ ರೈಫಲ್ ಅದು. ಬಿಡಿಭಾಗ ತರಿಸಿ, ಎರಡು ಶನಿವಾರ ಅಪ್ಪನ ಅಡುಗೆಮನೆ ಮೇಜಿನ ಮೇಲೇ ಕೂತು ಜೋಡಿಸಿದ್ದ. ಲೊವೆಲ್‌ಗೆ ಅಂಥವು ಕಂಡರಾಗದು. "ಇದೇನ್ ಬಂದೂಕೋ ಹೊಲಿಗೆ ಮಿಷನ್ನೋ?" ಅಂತ ಅಣಕಿಸಿದ್ದನಂತೆ. ಕೊನೆಯ ಸಣ್ಣ ಪಿನ್ನು ಕೂರಿಸುವಾಗ ಕೋರಿಯ ಕೈ ಜಾರಿ, ನಂಬರು ಕೊರೆದಿರುವ ಭಾಗದ ಮೇಲೆ ಉಗುರುದ್ದದ ಗೀರು ಬಿತ್ತು. ಲೊವೆಲ್ ಬೈದ. ಮಗ ನಕ್ಕ. ಆ ಬೈಗುಳವನ್ನು ನೆನೆಸಿಕೊಂಡು ಲೊವೆಲ್ ನನ್ನೆದುರು ಒಮ್ಮೆ ಬಿಕ್ಕಿ ಬಿಕ್ಕಿ ಅತ್ತಿದ್ದಾನೆ. ಕೋರಿ ಹೋದ ಮೇಲೆ ಪ್ರತಿ ನವೆಂಬರ್ ಹದಿನಾಲ್ಕಕ್ಕೆ, ಮಗನ ಹುಟ್ಟಿದ ದಿನ, ಪಕ್ಕದ ಜಿಲ್ಲೆಯ ಒಂದು ಹಳೇ ಕಲ್ಲುಕ್ವಾರಿಗೆ ಹೋಗಿ ಅದರಿಂದ ಇಪ್ಪತ್ತು ಗುಂಡು ಹೊಡೆಯುತ್ತಿದ್ದ. ಮನೆಗೆ ಬಂದು ಒರೆಸಿ, ಆ ಗೀರಿಗೂ ಎಣ್ಣೆ ಸವರಿ, ಮತ್ತೆ ಒಂದು ವರ್ಷ ಮುಚ್ಚಿಡುತ್ತಿದ್ದ.

ಅಂಥ ರೈಫಲ್‌ಗಳನ್ನೇ ನಮ್ಮ ಇಲಿನಾಯ್ ರಾಜ್ಯ ನಿಷೇಧಿಸಿತು. ಹೊಸದಾಗಿ ಕೊಳ್ಳುವ ಹಾಗಿಲ್ಲ. ಮೊದಲೇ ಇದ್ದವರು ಇಟ್ಟುಕೊಳ್ಳಬಹುದು, ಆದರೆ ಹೊಸ ವರ್ಷದ ದಿನದೊಳಗೆ ಅದರ ನಂಬರು ಬರೆದು, ಇದು ನನ್ನದು ಎಂದು ಪ್ರಮಾಣ ಮಾಡಿ, ರಾಜ್ಯದ ಪೊಲೀಸರಿಗೆ ಕಂಪ್ಯೂಟರಿನಲ್ಲಿ ಸಲ್ಲಿಸಬೇಕು. ಅಷ್ಟೇ. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷಕ್ಕೆ ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ ಎದ್ದ ಗಲಾಟೆ ನೋಡಬೇಕಿತ್ತು! ಬಂದೂಕಿನವರ ಸಂಘ ಕೋರ್ಟಿಗೆ ಹೋಯಿತು. ವಸಂತದಲ್ಲಿ ಒಬ್ಬ ನ್ಯಾಯಾಧೀಶ ಕಾನೂನಿಗೆ ತಡೆ ಕೊಟ್ಟ. ನಾವು ಕುಣಿದಾಡಿದೆವು. ಆರು ದಿನಕ್ಕೆ ಮೇಲಿನ ಕೋರ್ಟು ಆ ತಡೆಯನ್ನೇ ತಡೆಯಿತು. ಬೇಸಿಗೆಯಲ್ಲಿ ಇನ್ನೊಂದು ತೀರ್ಪು, ಚಳಿಗಾಲಕ್ಕೆ ಮತ್ತೊಂದು. ಕೊನೆಕೊನೆಗೆ ನಾವು ಪತ್ರಿಕೆ ಓದುವುದನ್ನೇ ಬಿಟ್ಟು, ಯಾರು ಜೋರಾಗಿ ಹೇಳುತ್ತಾರೋ ಅವರದೇ ಸರಿ ಎಂದುಕೊಂಡೆವು. ನಮ್ಮ ಜಿಲ್ಲೆಯ ಪೊಲೀಸರಿಗೆಲ್ಲ ಮುಖ್ಯಸ್ಥನಾದ ಶೆರಿಫ್ ಅಂತೂ ಕಾಗದವನ್ನೇ ಬರೆದು ಪ್ರಕಟಿಸಿದ: ನನ್ನ ಜಿಲ್ಲೆಯಲ್ಲಿ ಇದಕ್ಕಾಗಿ ಯಾರ ಮನೆಗೂ ಹೋಗುವುದಿಲ್ಲ, ಯಾರನ್ನೂ ಹಿಡಿಯುವುದಿಲ್ಲ. ಆ ಕಾಗದವನ್ನು ಹೋಟೆಲಿನ ವಿಲ್ಮಾ ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿಬಿಟ್ಟಳು.

ವಿಲ್ಮಾಳ ಹೋಟೆಲಿನಲ್ಲಿ ಬೆಳಿಗ್ಗೆ ಆರಕ್ಕೆ ನಮ್ಮ ಮೇಜು ತುಂಬುತ್ತಿತ್ತು. ಲೊವೆಲ್, ನಾನು, ಇನ್ನೂ ಐವರು. ನಾನು ಥರ್ಮನ್, ಶಾಲಾ ಬಸ್ಸು ಓಡಿಸಿ ನಿವೃತ್ತನಾದವನು. ಆ ಮೇಜಿನ ದೊಡ್ಡ ಗಂಟಲು ನನ್ನದೇ. ಆ ಐವರ ಹಾಗೆ ನನ್ನ ಹತ್ತಿರವೂ ಅಂಥದ್ದೊಂದು ರೈಫಲ್ ಇತ್ತು. ಸುಮ್ಮನೆ ಹಟಕ್ಕೆ ಕೊಂಡಿದ್ದು. ವರ್ಷಕ್ಕೊಮ್ಮೆಯೂ ಅದರ ಮುಖ ನೋಡಿದವನಲ್ಲ ನಾನು.

ಡಿಸೆಂಬರಿನ ಮೂರನೇ ವಾರ. ಲೊವೆಲ್ ಜೇಬಿನಿಂದ ಒಂದು ಚೀಟಿ ತೆಗೆದ. ಅದರಲ್ಲಿ ರೈಫಲ್‌ನ ನಂಬರಿತ್ತು.

"ಥರ್ಮನ್, ಒಂದ್ ಮಾತು ಕೇಳ್ಲಾ? ನಂಗ್ಯಾಕೋ ಸಲ್ಲಿಸ್ಬಿಡೋಣ ಅನ್ಸುತ್ತೆ ಕಣಯ್ಯಾ. ಲೈಬ್ರರಿ ಹುಡುಗಿ ಮಾಡಿಕೊಡ್ತೀನಿ ಅಂದಿದಾಳೆ."

ನಾನು ಕಾಫಿ ಲೋಟವನ್ನು ಕುಕ್ಕಿದೆ. "ಏನು? ನಿನ್ ತಲೆ ನೆಟ್ಟಗಿದ್ಯೇನಯ್ಯಾ? ಇವತ್ತು ನಂಬರ್ ಕೊಡು, ನಾಳೆ ಮನೆ ಬಾಗ್ಲಿಗೆ ಬಂದು ಬಂದೂಕು ಕೊಡು ಅಂತಾರೆ."

"ಇಟ್ಕೋಬಹುದು ಅಂತ ಬರ್ದಿದೆ, ಓದ್ದೆ."

"ಬರೀತಾರೆ, ಅವರಪ್ಪನ ಮನೆ ಗಂಟೇನು ಹೋಗುತ್ತೆ? ಕೇಸ್ ಕೋರ್ಟಲ್ಲಿದೆ. ಇನ್ನಾರ್ ತಿಂಗಳಿಗೆ ಕಾನೂನೇ ಮಕಾಡೆ ಮಲಗುತ್ತೆ. ಆಮೇಲೆ ಆ ಪಟ್ಟೀಲಿ ನಿನ್ ಹೆಸರು ಮಾತ್ರ ಪಳಪಳ ಅಂತ ಕೂತಿರುತ್ತೆ."

"ನೀನ್ ಸಲ್ಲಿಸಲ್ವಾ ಹಂಗಾದ್ರೆ?"

"ನಾನಾ? ಈ ಕೈ ಕಡಿದ್ ಹಾಕಿದ್ರೂ ಸಲ್ಲಿಸಲ್ಲ!"

ಮೇಜೆಲ್ಲ ಚಪ್ಪಾಳೆ. "ಭಲೆ ಥರ್ಮನ್!" ಅಂದರು ಐವರೂ. ವಿಲ್ಮಾ ಕಾಫಿ ಬಗ್ಗಿಸುತ್ತಾ, "ಕೈ ಕಡಿಯೋದಿದ್ರೆ ಹೊರಗಡೆ ಕಡ್ಕೊಳ್ರಪ್ಪಾ, ನೆಲ ಈಗ ತಾನೇ ಒರ್ಸಿದೀನಿ," ಅಂದಳು. ಎಲ್ಲರೂ ನಕ್ಕರು. ಲೊವೆಲ್ ಕೂಡ ಸ್ವಲ್ಪ ನಕ್ಕ. ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡ.

ಇನ್ನು ಮುಂದಿನದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. ಡಿಸೆಂಬರ್ ಇಪ್ಪತ್ತೆಂಟರ ಬೆಳಿಗ್ಗೆ, ತಿಂಡಿ ತಿಂದ ತಟ್ಟೆ ಪಕ್ಕಕ್ಕೆ ಸರಿಸಿ, ನಾನು ನನ್ನ ರೈಫಲ್‌ನ ಪ್ರಮಾಣಪತ್ರ ಸಲ್ಲಿಸಿದೆ. ನನ್ನ ಹೆಂಡತಿ ವರ್ನಾ ಕೋರ್ಟಿನ ಕಚೇರಿಯಲ್ಲಿ ಗುಮಾಸ್ತೆ. "ಮನೇಲಿ ಇದನ್ನ ಕದ್ದು ಇಟ್ಕೊಂಡು ನಾನ್ ಅಲ್ಲಿ ಯಾವ್ ಮುಖ ಇಟ್ಕೊಂಡು ಕೂತ್ಕೊಳ್ಲಿ? ನೀವ್ ಸಲ್ಲಿಸ್ತೀರೋ, ಇಲ್ಲಾ ಇದನ್ನ ನಾನೇ ಕೊಳಕ್ಕೆ ಎಸೀಲೋ?" ಅಂದಳು. ಅವಳು ನಂಬರು ಓದಿದಳು, ನಾನು ಒತ್ತಿದೆ. ಒಂಬತ್ತು ನಿಮಿಷ ಹಿಡಿಯಿತು.

"ಲೊವೆಲ್‌ಗೂ ಹೇಳ್ರೀ," ಅಂದಳು ವರ್ನಾ.

"ಹೇಳ್ತೀನಿ," ಅಂದೆ.

ಹೇಳಲಿಲ್ಲ. ಇನ್ನೂ ನಾಲ್ಕು ದಿನ ಇತ್ತು. ಪ್ರತಿ ಬೆಳಿಗ್ಗೆ ಅವನ ಎದುರೇ ಕೂತು ಮೊಟ್ಟೆ ತಿಂದೆ. ಎದೆ ತಟ್ಟಿಕೊಂಡು ಹೇಳಿದ ಮಾತನ್ನು ಅದೇ ಮೇಜಿನ ಮೇಲೆ ವಾಪಸು ತೆಗೆದುಕೊಳ್ಳುವುದಕ್ಕೆ ನನ್ನ ಕೈಲಾಗಲಿಲ್ಲ. ಅವನನ್ನು ಪಕ್ಕಕ್ಕೆ ಕರೆದು, ಪಿಕಪ್ಪಿನ ಹತ್ತಿರ ನಿಲ್ಲಿಸಿ, ಎರಡು ಮಾತಿನಲ್ಲಿ ಹೇಳಬಹುದಿತ್ತು. ಬೀಗುವುದಕ್ಕೆ ಬೇಕಾದಷ್ಟು ಧೈರ್ಯ ಇತ್ತು ನನಗೆ, ಇದಕ್ಕೆ ಬೇಕಾದಷ್ಟು ಇರಲಿಲ್ಲ. ಹೊಸ ವರ್ಷ ಬಂತು, ಗಡುವು ಮುಗಿಯಿತು.

ಆ ವರ್ಷ ನವೆಂಬರ್ ಹದಿನಾಲ್ಕು. ಲೊವೆಲ್ ಎಂದಿನಂತೆ ಕ್ವಾರಿಗೆ ಹೋದ, ಇಪ್ಪತ್ತು ಗುಂಡು ಹೊಡೆದ, ರೈಫಲನ್ನು ಚೀಲಕ್ಕೆ ಹಾಕಿ ಹೊರಟ. ಸಂಜೆ ಐದರ ಹೊತ್ತಿಗೆ ಹೆದ್ದಾರಿಯಲ್ಲಿ ಜೋಳದ ಹೊಲದಿಂದ ಒಂದು ಹೆಣ್ಣು ಜಿಂಕೆ ಹಾರಿ ಬಂದು ಪಿಕಪ್ಪಿನ ಮೂತಿಗೇ ಬಡಿಯಿತು. ಜಿಂಕೆ ಅಲ್ಲೇ ಸತ್ತಿತು. ರೇಡಿಯೇಟರ್ ಒಡೆದು ನೀರೆಲ್ಲ ರಸ್ತೆ ಪಾಲು. ನಮ್ಮ ಕಡೆ ಇದೇನು ಹೊಸದಲ್ಲ, ನನ್ನ ಪಿಕಪ್ಪಿಗೇ ಮೂರು ಸಲ ಆಗಿದೆ. ಜನ ಜಿಂಕೆಯನ್ನು ಹಿಂದೆ ಎತ್ತಿಹಾಕಿಕೊಂಡು, ಯಾರಿಗಾದರೂ ಫೋನು ಮಾಡಿ ಗಾಡಿ ಎಳೆಸಿಕೊಂಡು ಹೋಗುತ್ತಾರೆ. ಲೊವೆಲ್ ಹಾಗೆ ಮಾಡುವವನೇ? ಜಿಂಕೆ ಒಯ್ಯಬೇಕಾದರೆ ವರದಿಯಾಗಬೇಕು, ವಿಮೆಗೂ ವರದಿ ಬೇಕು ಎಂದು ತಾನೇ ಪೊಲೀಸರಿಗೆ ಫೋನು ಮಾಡಿದ. ಅದು ಪಕ್ಕದ ಜಿಲ್ಲೆ, ರಾಜ್ಯದ ಹೆದ್ದಾರಿ. ಬಂದದ್ದು ರಾಜ್ಯದ ಪೊಲೀಸ್.

ಪೊಲೀಸಿನವನು ಕಿಟಕಿಯ ಹತ್ತಿರ ಬರುವಷ್ಟರಲ್ಲಿ ಲೊವೆಲ್‌ನ ಎರಡೂ ಕೈ ಸ್ಟಿಯರಿಂಗ್ ಮೇಲಿದ್ದವು.

"ಸಾರ್, ಸೀಟಿನ ಹಿಂದೆ ಒಂದು ರೈಫಲ್ ಇದೆ. ಚೀಲದಲ್ಲಿದೆ. ಗುಂಡು ತೆಗ್ದಿದೀನಿ," ಅಂದನಂತೆ.

ದೇವರೇ! ಇದನ್ನು ಅವನು ನನಗೆ ಹೇಳುವಾಗ ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಆ ಪೊಲೀಸಿನವನು ಜಿಂಕೆ ನೋಡಿಕೊಂಡು, ವರದಿ ಬರೆದುಕೊಂಡು ಹೋಗಿಬಿಡುತ್ತಿದ್ದ. ಚೀಲ ಇರುವುದೂ ಅವನಿಗೆ ಕಾಣುತ್ತಿರಲಿಲ್ಲ.

ಆತ ಒಳ್ಳೆಯವನೇ. "ಥ್ಯಾಂಕ್ಸ್ ಯಜಮಾನ್ರೇ, ಹೀಗ್ ಹೇಳೋರೇ ಕಡಿಮೆ," ಅಂದ. ಚೀಲ ಬಿಚ್ಚಿ ನೋಡಿದ. ಅವನ ಮುಖ ಸಣ್ಣದಾಯಿತು. "ಇದನ್ನ ಸಲ್ಲಿಸಿದೀರಾ?"

"ಇಲ್ಲ. ನಮ್ ಶೆರಿಫ್ ಬೇಕಿಲ್ಲ ಅಂದ್ರು."

"ನಾನ್ ನಿಮ್ ಶೆರಿಫ್ ಕೈಕೆಳಗಿನವನಲ್ಲ, ಯಜಮಾನ್ರೇ. ಸಲ್ಲಿಸಿಲ್ಲ ಅಂತ ಈಗ ನೀವೇ ಹೇಳ್ಬಿಟ್ರಿ. ನಾನೇನ್ ಮಾಡ್ಲಿ ಹೇಳಿ?"

ರೈಫಲ್ ಪೊಲೀಸರ ಕೈಸೇರಿತು. ಲೊವೆಲ್ ಮೇಲೆ ಕೇಸಾಯಿತು. ಕೇಸು ಮುಗಿಯುವವರೆಗೆ, ಬಂದೂಕು ಇಟ್ಟುಕೊಳ್ಳಲು ರಾಜ್ಯ ಕೊಡುವ ಕಾರ್ಡನ್ನು ಒಪ್ಪಿಸಬೇಕು, ಮನೆಯಲ್ಲಿರುವ ಬಂದೂಕುಗಳನ್ನೆಲ್ಲ ಕಾರ್ಡಿರುವ ಬೇರೊಬ್ಬರಿಗೆ ವಹಿಸಬೇಕು ಎಂದು ಕೋರ್ಟು ಹೇಳಿತು. ಅವನು ನನ್ನನ್ನು ಕರೆದ. ಅವನಪ್ಪನ ಕಾಲದ ಎರಡು ನಳಿಕೆಯ ಬಂದೂಕು, ಜಿಂಕೆ ಬೇಟೆಯವು, ಬಾತುಕೋಳಿ ಬೇಟೆಯದು, ಒಟ್ಟು ಏಳು. ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿ, ಯಾವುದಕ್ಕೆ ಯಾವ ಎಣ್ಣೆ ಎಂದು ಬರೆದಿಟ್ಟಿದ್ದ.

"ಇವೆಲ್ಲ ಹೋದ್ರೂ ಹೋಗ್ಲಿ ಕಣಯ್ಯಾ," ಅಂದ. "ಅದೊಂದ್ ವಾಪಸ್ ಬಂದ್ರೆ ಸಾಕು ನಂಗೆ."

"ಬರುತ್ತೆ ಬಿಡೋ, ಕಾನೂನೇ ಬಿದ್ದೋಗುತ್ತೆ," ಅಂದೆ ನಾನು. ಏಳು ಬಂದೂಕನ್ನೂ ನನ್ನ ಬೀರುವಿನಲ್ಲಿ, ಪ್ರಮಾಣಪತ್ರ ಸಲ್ಲಿಸಿದ ನನ್ನ ರೈಫಲ್‌ನ ಪಕ್ಕ ಇಡುವಾಗ ವರ್ನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಆ ವರ್ಷದ ಬೇಟೆ ತರಗತಿಯನ್ನು ಅವನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಬಂದೂಕು ಮುಟ್ಟುವ ಹಾಗೇ ಇಲ್ಲ, ಪಾಠ ಎಲ್ಲಿಂದ ಬಂತು? ಚರ್ಚಿನವರು ಕುರ್ಚಿಗಳನ್ನು ಮಡಚಿಟ್ಟರು.

ಸಂಘದವರು ನಗರದಿಂದ ಒಬ್ಬ ವಕೀಲನನ್ನು ಕರೆತಂದರು. ಲೊವೆಲ್‌ನನ್ನು ಬಾವುಟದ ಮುಂದೆ ನಿಲ್ಲಿಸಿ ಫೋಟೋ ತೆಗೆದರು. "ನಿಮ್ಮಂಥೋರೇ ಬೇಕಿತ್ತು ನಮ್ಗೆ," ಅಂದ ಆ ವಕೀಲ. "ಗಣಿ ಕಾರ್ಮಿಕ, ಬೇಟೆ ಮೇಷ್ಟ್ರು, ಮಗನ್ನ ಕಳ್ಕೊಂಡೋರು. ಈ ಕೇಸನ್ನ ಮೇಲಿನ ತನಕ ಒಯ್ಯೋಣ."

"ಎಷ್ಟ್ ವರ್ಷ ಹಿಡಿಯುತ್ತೆ?" ಅಂತ ಕೇಳಿದ ಲೊವೆಲ್.

"ನಾಲ್ಕು, ಐದು. ಹೇಳೋಕಾಗಲ್ಲ."

"ಗೆದ್ರೆ ನನ್ ರೈಫಲ್ ಬರುತ್ತಾ?"

"ಅದು ಬೇರೆ ಪ್ರಶ್ನೆ. ಇಲ್ಲಿರೋದು ತತ್ವದ ಪ್ರಶ್ನೆ, ಸಾರ್."

"ನಂಗ್ ತತ್ವ ಬೇಡ ಸ್ವಾಮಿ," ಅಂದ ಲೊವೆಲ್. "ರೈಫಲ್ ಬೇಕು." ಅಷ್ಟಕ್ಕೆ ಸಂಘದ ಉತ್ಸಾಹ ಇಳಿಯಿತು. ಬಾವುಟ ಸುತ್ತಿಕೊಂಡು ಹೋದರು. ಅವನಿಗೆ ಉಳಿದದ್ದು ಸರ್ಕಾರವೇ ನೇಮಿಸಿದ ವಕೀಲೆ, ಒಳ್ಳೆಯ ಹೆಣ್ಣುಮಗಳು, ಕೈತುಂಬ ಬೇರೆ ಕೇಸುಗಳು. ತಪ್ಪೊಪ್ಪಿಕೊಂಡರೆ ಜೈಲಿಲ್ಲ, ಒಂದು ವರ್ಷ ನಡತೆಯ ಮೇಲೆ ನಿಗಾ, ರೈಫಲ್ ಸರ್ಕಾರದ ಪಾಲು ಎಂದಳು. ಹೋರಾಡಿದರೆ ಅದು ವರ್ಷಗಟ್ಟಲೆ ಸಾಕ್ಷ್ಯದ ಕೋಣೆಯಲ್ಲಿ ಬಿದ್ದಿರುತ್ತದೆ, ಆಮೇಲೂ ನಂಬಿಕೆ ಇಲ್ಲ ಎಂದಳು. ನ್ಯಾಯಾಧೀಶರ ಎದುರು ನಿಂತು ತಾನೇ ಕೇಳಿಕೊಳ್ಳುತ್ತೇನೆ, ಅವರೂ ಮನುಷ್ಯರೇ ಅಲ್ಲವೇ, ಎಂದು ಲೊವೆಲ್ ಒಪ್ಪಿಕೊಂಡ.

ಏಪ್ರಿಲಿನಲ್ಲಿ ವಿಚಾರಣೆ. ಮೇಜಿನ ಆರೂ ಜನ ಹೋಗಿ ಹಿಂದಿನ ಬೆಂಚಿನಲ್ಲಿ ಸಾಲಾಗಿ ಕೂತೆವು. ಲೊವೆಲ್ ನಡೀನ್‌ಳ ಸಾವಿಗೆ ಹಾಕಿದ್ದ ಕೋಟು ಹಾಕಿಕೊಂಡಿದ್ದ, ಭುಜದಲ್ಲಿ ಸಡಿಲವಾಗಿತ್ತು. ತಪ್ಪೊಪ್ಪಿಕೊಂಡ. ಹೇಳುವುದೇನಾದರೂ ಇದೆಯೇ ಎಂದು ನ್ಯಾಯಾಧೀಶೆ ಕೇಳಿದರು.

"ಒಂದೇ ಒಂದಿದೆ ಅಮ್ಮಾ," ಅಂದ. "ಅದು ನನ್ ಮಗ ಜೋಡ್ಸಿದ್ದು. ಅವ್ನ ಕೈ ಜಾರಿ ಒಂದು ಗೀರು ಬಿದ್ದಿದೆ. ಬಂದೂಕು ಬೇಡ. ಕತ್ತರಿಸಿ, ಕರಗಿಸಿ, ಏನ್ ಬೇಕಾದ್ರೂ ಮಾಡಿ. ಆ ಗೀರಿರೋ ತುಂಡು ಕೊಡಿ ಸಾಕು. ಗೋಡೆಗ್ ಹಾಕ್ಕೋತೀನಿ."

ನ್ಯಾಯಾಧೀಶೆ ಸರ್ಕಾರಿ ವಕೀಲನತ್ತ ನೋಡಿದರು. ಅವನು ಎದ್ದ. ಗೀರಿರುವುದು ನಂಬರು ಕೊರೆದಿರುವ ಭಾಗದ ಮೇಲೆ, ಕಾನೂನಿನ ಕಣ್ಣಿಗೆ ಆ ಭಾಗವೇ ಬಂದೂಕು, ಉಳಿದದ್ದೆಲ್ಲ ಬರೀ ಸಾಮಾನು ಎಂದ. ಬೇಕಾದರೆ ಉಳಿದದ್ದನ್ನೆಲ್ಲ ಕೊಡಬಹುದು, ಆ ಒಂದನ್ನು ಮಾತ್ರ ಕೊಡಲು ಬರುವುದಿಲ್ಲ. ಆಮೇಲೆ, ಇಷ್ಟು ಹೇಳಿ ಕೂರಬಾರದೇ ಆ ಪುಣ್ಯಾತ್ಮ? ಮುಂದುವರಿಸಿದ: "ಇದೇನು ಕಷ್ಟದ ಕಾನೂನಲ್ಲ, ಮೇಡಂ. ಹತ್ತು ನಿಮಿಷದ ಕೆಲಸ. ಇವರ ಜಿಲ್ಲೆ ಒಂದರಲ್ಲೇ ನಾನೂರ ಹನ್ನೆರಡು ಜನ ಸಲ್ಲಿಸಿದಾರೆ."

ಲೊವೆಲ್ ತಿರುಗಿ ನಮ್ಮ ಬೆಂಚಿನ ಕಡೆ ನೋಡಿದ. ಕೋಪದಿಂದಲ್ಲ. ಲೆಕ್ಕ ತಪ್ಪಿದವನ ಹಾಗೆ ನೋಡಿದ. ನನ್ನ ಎಡಗಡೆಯವನು ಟೋಪಿಯ ಅಂಚು ಬಿಡಿಸುತ್ತಿದ್ದ. ಅವನಾಚೆಯವನು ಬೂಟು ನೋಡುತ್ತಿದ್ದ. ನಾನು ಗೋಡೆಯ ಮೇಲಿನ ಗಡಿಯಾರ ನೋಡಿದೆ.

ನ್ಯಾಯಾಧೀಶೆಯ ದನಿ ಮೆತ್ತಗಿತ್ತು, ಆದರೆ ಆದೇಶ ಅದೇ ಆಯಿತು. ರೈಫಲ್ ನಾಶ. ಮೂರು ವಾರದ ಮೇಲೆ ಉಳಿದ ಸಾಮಾನನ್ನು ಒಂದು ರಟ್ಟಿನ ಡಬ್ಬದಲ್ಲಿ ಕೊಟ್ಟರು. ನಳಿಕೆ, ಹಿಡಿ, ಸ್ಪ್ರಿಂಗುಗಳು. ನಾನೇ ಅವನನ್ನು ಕರೆದುಕೊಂಡು ಹೋಗಿದ್ದೆ. ದಾರಿಯುದ್ದಕ್ಕೂ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡಿದ್ದ, ತೆರೆಯಲಿಲ್ಲ. ಸಂಘದ ಕೇಸು ಈಗಲೂ ಮೇಲಿನ ಕೋರ್ಟುಗಳಲ್ಲಿ ಅಲೆಯುತ್ತಲೇ ಇದೆ. ನಾಳೆ ಗೆದ್ದರೂ ಗೆಲ್ಲಬಹುದು. ಆ ತುಂಡು ಮಾತ್ರ ಯಾವುದೋ ಕುಲುಮೆಯಲ್ಲಿ ಕರಗಿಹೋಯಿತು.

ಆ ವಾರ ಲೊವೆಲ್ ಮೇಜಿನ ಐವರ ಮನೆಗೂ ಒಬ್ಬೊಬ್ಬರಾಗಿ ಹೋದ. ಜಗಳಕ್ಕಲ್ಲ. ಬಾಗಿಲಲ್ಲೇ ನಿಂತು ಒಂದೇ ಮಾತು ಕೇಳಿದ, "ನೀನೂ ಸಲ್ಲಿಸಿದ್ಯಾ?" ಐವರೂ ಒಪ್ಪಿಕೊಂಡರು. ಒಬ್ಬ ಅತ್ತುಬಿಟ್ಟನಂತೆ. ಐವರೂ ನನಗಿಂತ ದೊಡ್ಡವರು ಎಂದು ಆಗಲೇ ಗೊತ್ತಾಯಿತು.

ಕೊನೆಗೆ ನನ್ನ ಮನೆಗೆ ಬಂದ. ಭಾನುವಾರ, ಊಟದ ಹೊತ್ತು. ವರ್ನಾ ಬೀನ್ಸ್ ಸಾರು, ಜೋಳದ ರೊಟ್ಟಿ ಇಟ್ಟಳು. ಅವನು ತಿನ್ನಲಿಲ್ಲ. ಅವನ ಕೆನ್ನೆ ಒಳಗೆ ಹೋಗಿತ್ತು, ಗಡ್ಡ ಅಲ್ಲಲ್ಲಿ ಉಳಿದಿತ್ತು.

"ಥರ್ಮನ್, ಅವ್ರೆಲ್ಲ ಸಲ್ಲಿಸಿದ್ರಂತೆ."

"ಕೇಳ್ದೆ."

"ಎಲ್ರೂ ಕಣೋ. ನನ್ನೆದ್ರು ಕೂತು ಚಪ್ಪಾಳೆ ತಟ್ಟಿದೋರು." ಅವನು ಮೇಜಿನ ಬಟ್ಟೆಯನ್ನು ಉಗುರಿನಿಂದ ಕೆರೆಯುತ್ತಿದ್ದ. "ನಿನ್ನನ್ನ ಕೇಳ್ಬಾರ್ದು ಅಂದ್ಕೊಂಡೆ. ಆದ್ರೂ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಆ ನಾನೂರ ಹನ್ನೆರಡ್ರಲ್ಲಿ ನೀನಿದೀಯಾ?"

ವರ್ನಾ ಒಲೆಯ ಹತ್ತಿರ ಬೆನ್ನು ಮಾಡಿ ನಿಂತಿದ್ದಳು. ಸೌಟು ಆಡುವುದು ನಿಂತಿತು.

ಹೌದು ಅನ್ನಬೇಕೆಂದೇ ಬಾಯಿ ತೆರೆದೆ. ದೇವರಾಣೆ, ಹೌದು ಅನ್ನಬೇಕೆಂದೇ. ಅವನ ಮುಖ ನೋಡಿದೆ.

"ನಾನಾ? ಛೆ ಛೆ," ಅಂದೆ. "ಒಂದ್ ಸಲ ಸಲ್ಲಿಸಲ್ಲ ಅಂದ್ ಮೇಲೆ ಮುಗೀತು. ನಾನ್ ಸಲ್ಲಿಸಿಲ್ಲ."

ಅವನು ಉಸಿರು ಬಿಟ್ಟ. ಆ ನವೆಂಬರಿನಿಂದ ಹಿಡಿದಿಟ್ಟಿದ್ದನೇನೋ ಎನ್ನುವಷ್ಟು ದೊಡ್ಡ ಉಸಿರು. ಕಣ್ಣು ತುಂಬಿಕೊಂಡು, ಮೇಜಿನ ಮೇಲಿಂದ ಕೈ ಚಾಚಿ ನನ್ನ ಕೈ ಹಿಡಿದುಕೊಂಡ.

"ನಂಗೊತ್ತಿತ್ತು," ಅಂದ. "ನಾನೊಬ್ನೇ ಮುಟ್ಠಾಳ ಅಲ್ಲ ಅನ್ನೋದಷ್ಟೇ ಬೇಕಿತ್ತು ಕಣೋ. ಇಲ್ದಿದ್ರೆ ನಾನು..." ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ತಿನ್ನತೊಡಗಿದ. ಎರಡು ಸಲ ಸಾರು ಹಾಕಿಸಿಕೊಂಡ. ವರ್ನಾ ಬಡಿಸಿದಳು, ನನ್ನ ಕಡೆ ನೋಡಲಿಲ್ಲ.

ಆ ಐವರ ಜೊತೆ ಅವನು ಮಾತು ಬಿಟ್ಟಿದ್ದಾನೆ. ಪ್ರತಿ ಬೆಳಿಗ್ಗೆ ಆರಕ್ಕೆ ವಿಲ್ಮಾಳ ಹೋಟೆಲಿನಲ್ಲಿ, ಕಿಟಕಿ ಪಕ್ಕದ ಇಬ್ಬರ ಮೇಜಿಗೆ ಬಂದು ನನ್ನೆದುರು ಕೂರುತ್ತಾನೆ. ಊರಿನಲ್ಲಿ ಅವನು ಮಾತಾಡುವುದು ಈಗ ನನ್ನೊಬ್ಬನ ಜೊತೆಯೇ.